ಟೆನರ್ ಗಿಟಾರಿಗೆ ವಿದ್ಯುತ್ತಿನ ಕಂಠ

ವಾದ್ಯಗಳಿಗೂ ಕಾಲಧರ್ಮವುಂಟು. ಕೇಳುವವರ ಕಿವಿ ಬದಲಾದಂತೆ ಅವುಗಳ ಮೈಯೂ ಬದಲಾಗುತ್ತದೆ. ಅಮೆರಿಕದ ಟೆನರ್ ಗಿಟಾರು ಇದಕ್ಕೊಂದು ನಿದರ್ಶನ. 1920ರ ದಶಕದಲ್ಲಿ ಅಲ್ಲಿಯ ನೃತ್ಯಮೇಳಗಳಲ್ಲಿ ನಾಲ್ಕು ತಂತಿಯ ಟೆನರ್ ಬ್ಯಾಂಜೋ ಮೆರೆಯುತ್ತಿದ್ದಿತು. ಬರಬರುತ್ತ ಜನರ ಒಲವು ಗಿಟಾರಿನ ಮೃದುನಾದದ ಕಡೆಗೆ ತಿರುಗಿತು. ಬ್ಯಾಂಜೋ ವಾದಕರು ಆರು ತಂತಿಗಳ ವಿದ್ಯೆಯನ್ನು ಹೊಸದಾಗಿ ಕಲಿಯದೆ, ಪಂಚಮದ ಅಂತರದಲ್ಲಿ ಶ್ರುತಿಮಾಡಿದ ಅವೇ ನಾಲ್ಕು ತಂತಿಗಳ ಮೇಲೆ ಗಿಟಾರಿನ ಧ್ವನಿಯನ್ನು ಹೊರಡಿಸಲು ಈ ವಾದ್ಯವು ಅನುಕೂಲವಾಯಿತು.

ಇದರಲ್ಲಿ ಆರ್ಚ್‌ಟಾಪ್ ಎಂಬ ಬಗೆಯು ಪಿಟೀಲಿನ ದಾಯಾದಿ. ಮೇಲ್ಹಲಗೆ ಕಮಾನಿನಂತೆ ಉಬ್ಬಿರುತ್ತದೆ. ಇಕ್ಕೆಲಗಳಲ್ಲಿ ಎಫ್ ಅಕ್ಷರದ ಆಕಾರದ ರಂಧ್ರಗಳಿರುತ್ತವೆ. ತಂತಿಯ ಮಿಡಿತವು ಕುದುರೆಯ ಮೂಲಕ ಹಲಗೆಗೆ ಇಳಿದು ನಾದವಾಗುತ್ತದೆ. ಆದರೆ ತುತ್ತೂರಿಗಳ ಅಬ್ಬರದಲ್ಲಿ ಆ ನಾದವನ್ನು ಕೇಳುವವರಾರು? 1936ರಲ್ಲಿ ಗಿಬ್ಸನ್ ಸಂಸ್ಥೆಯು ಇಎಸ್-150 ಎಂಬ ಆರು ತಂತಿಯ ವಿದ್ಯುತ್ ಗಿಟಾರನ್ನು ಹೊರತಂದಿತು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ತಂತಿ ಮಿಡಿದೊಡನೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಧ್ವನಿವರ್ಧಕವು ಅದನ್ನು ಹಿಗ್ಗಿಸುವುದು. 1943ರಲ್ಲಿ ಆರ್ಟ್ ಟೇಟಮ್ ಎಂಬ ಪಿಯಾನೋ ವಾದಕರ ತ್ರಯದಲ್ಲಿ ಟೈನಿ ಗ್ರೈಮ್ಸ್ ಅವರು ನಾಲ್ಕು ತಂತಿಯ ವಿದ್ಯುತ್ ಗಿಟಾರನ್ನೇ ನುಡಿಸುತ್ತಿದ್ದರು.

ಅಮೆರಿಕದಲ್ಲಿ ನೆಲಸಿರುವ ನನ್ನ ಸ್ನೇಹಿತರೊಬ್ಬರು, ತಾವು ಕೊಂಡ ಹಳೆಯ ಆರ್ಚ್‌ಟಾಪ್ ಟೆನರಿನ ಹಲಗೆಯನ್ನು ಕೊರೆದು ಈ ಸಾಧನವನ್ನು ಕೂರಿಸಬಹುದೆ ಎಂದು ಬರೆದು ಕೇಳಿದರು. ಕೊರೆದರೆ ಲಾಭವಿಲ್ಲದೆ ಇಲ್ಲ. ಸಾಧನದ ಭಾರಕ್ಕೆ ಹಲಗೆಯ ನಡುಕ ತಗ್ಗಿ, ಧ್ವನಿವರ್ಧಕದ ಶಬ್ದವು ಮರಳಿ ಹಲಗೆಯನ್ನು ಕಲಕಿ ಊಳಿಡುವ ಕಾಟ ಕಡಿಮೆಯಾಗುತ್ತದೆ. ಆದರೆ ಅದೇ ಕಾರಣದಿಂದ ಮರದ ಸ್ವಂತ ದನಿಯೂ ಕುಗ್ಗುತ್ತದೆ. ಕೊಯ್ದ ಮರವು ಮತ್ತೆ ಮೊದಲಿನಂತೆ ಕೂಡದು. ಹಲಗೆಯನ್ನು ಮುಟ್ಟದೆ, ಕತ್ತಿನ ತುದಿಗೋ ಬೆರಳುಕಾಪಿನ ತಟ್ಟೆಗೋ ತಗುಲಿಸುವ ಸಾಧನಗಳೂ ಉಂಟು. ಬೇಡವಾದ ದಿನ ಅವನ್ನು ಬಿಚ್ಚಿಡಬಹುದು. ಆ ದಾರಿಯನ್ನೇ ಹಿಡಿಯಿರೆಂದು ನಾನು ಉತ್ತರ ಬರೆದೆನು.

ಹಾಗೆಂದು, ಹಿಂದೆಯೇ ಕೊರೆಯಿಸಿಕೊಂಡ ವಾದ್ಯಗಳನ್ನು ಕೆಟ್ಟುಹೋದುವೆಂದು ಹಳಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೇಳದಲ್ಲಿ ತನ್ನ ದನಿ ಕೇಳಿಸದಿದ್ದರೆ ಅಂದಿನ ವಾದಕನಿಗೆ ಕೆಲಸವೆಲ್ಲಿಯದು? ಅವನು ಹಲಗೆಗೆ ಗರಗಸವಿಟ್ಟುದು ಹೊಟ್ಟೆಪಾಡಿಗಾಗಿ. ಟೆನರ್ ಗಿಟಾರು ಹುಟ್ಟಿದುದೂ ಅಂತಹ ಅಗತ್ಯದಿಂದಲೇ ಅಲ್ಲವೆ? ಕೊರೆಯದೆ ಉಳಿದುದನ್ನು ಕೊರೆಯದೆ ಕಾಪಾಡೋಣ. ಕೊರೆದುದನ್ನು ಮೂಲೆಗೆ ಹಾಕದೆ ನುಡಿಸೋಣ.