ಅಬ್ರುತ್ಸೊ ಗಿರಿಗ್ರಾಮಗಳಲ್ಲಿ

ಇಟಲಿಗೆ ಹೋಗಿಬಂದವರು ಏನನ್ನು ನೋಡಿಬಂದರೆಂಬುದನ್ನು ಅವರು ಬಾಯಿ ತೆರೆಯುವ ಮೊದಲೇ ಊಹಿಸಿಬಿಡಬಹುದು. ರೋಮಿನ ಹಾಳುಬಿದ್ದ ರಂಗಮಂಟಪ, ಪೀಸಾದ ವಾಲಿದ ಗೋಪುರ, ಫ್ಲಾರೆನ್ಸಿನ ಚಿತ್ರಶಾಲೆ, ವೆನಿಸ್ಸಿನ ದೋಣಿ! ಐದು ದಿನಗಳಲ್ಲಿ ನಾಲ್ಕು ನಗರ. ಊಟವೆಂದರೆ ರೈಲು ನಿಲ್ದಾಣದ ಬಳಿ ನಿಂತುಕೊಂಡೇ ನುಂಗಿದ ಪೀಟ್ಸಾದ ತುಂಡು. ಹೀಗೆ ನೋಡಿದ ಇಟಲಿ ಸುಳ್ಳೆಂದಲ್ಲ. ಆದರೆ ಆ ದೇಶದ ಬೆನ್ನೆಲುಬಿನಂತೆ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವ ಅಪೆನೈನ್ ಪರ್ವತಗಳ ಮಡಿಲಲ್ಲಿ ಇನ್ನೊಂದು ಇಟಲಿಯುಂಟು. ಅಲ್ಲಿಗೆ ಅವಸರದ ಪ್ರವಾಸಿ ಹೋಗುವುದಿಲ್ಲ. ಹೋದರೂ ಅವನಿಗೆ ಅಲ್ಲಿ ಏನೂ ಕಾಣಿಸುವುದಿಲ್ಲ.

ಅಂಥ ಮೂಲೆಗಳಿಗೆ ಎಂಟು ಹತ್ತು ಮಂದಿಯ ಚಿಕ್ಕ ತಂಡಗಳನ್ನು ಕರೆದೊಯ್ದು, ಒಂದೊಂದು ಹಳ್ಳಿಯಲ್ಲಿ ಎರಡು ಮೂರು ದಿನ ನಿಲ್ಲಿಸಿ, ಅಲ್ಲಿಯ ಅಡುಗೆಯನ್ನೂ ಕೈಕಸಬನ್ನೂ ತೋರಿಸಿಕೊಂಡು ಬರುವ ಪದ್ಧತಿ ಈಚಿನ ದಶಕಗಳಲ್ಲಿ ಬೆಳೆದಿದೆ. ಇದರ ಹಿಂದೆ ಒಂದು ಸ್ವಾರಸ್ಯದ ಜಗಳವಿದೆ. 1986ರಲ್ಲಿ ರೋಮಿನ ಸ್ಪೇನ್ ಚೌಕದಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹ ಬಾಗಿಲು ತೆರೆದಾಗ ಕೆಲವರು ಬೀದಿಯಲ್ಲಿ ಪಾಸ್ತಾ ಹಂಚಿ ಪ್ರತಿಭಟಿಸಿದರು. ಕಲ್ಲು ತೂರಲಿಲ್ಲ, ಊಟ ಬಡಿಸಿದರು! ಪಿಯೆಮಾಂತೆ ಸೀಮೆಯ ಬ್ರಾ ಎಂಬ ಊರಿನ ಕಾರ್ಲೊ ಪೆತ್ರೀನಿ ಮತ್ತು ಅವರ ಗೆಳೆಯರು ಕಟ್ಟಿದ ‘ಸ್ಲೋ ಫುಡ್’ ಚಳವಳಿಗೆ ಬಸವನಹುಳು ಲಾಂಛನವಾಯಿತು. 1989ರಲ್ಲಿ ಪ್ಯಾರಿಸಿನಲ್ಲಿ ಅದು ಅಂತರರಾಷ್ಟ್ರೀಯ ಸಂಸ್ಥೆಯಾಯಿತು. ಅದಕ್ಕೆ ಮುಂಚೆಯೇ, 1985ರಲ್ಲಿ, ರೈತರು ತಮ್ಮ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಂಡು ತಮ್ಮ ಹೊಲದ ಬೆಳೆಯನ್ನು ಬಡಿಸಬಹುದೆಂದು ಇಟಲಿಯ ಸರಕಾರ ಕಾನೂನು ಮಾಡಿತ್ತು. ನಿಧಾನ ಪ್ರವಾಸಕ್ಕೆ ಬೇಕಾದ ಚಾವಡಿಯೂ ಅಡುಗೆಮನೆಯೂ ಹೀಗೆ ಸಿದ್ಧವಾದವು.

ಅಬ್ರುತ್ಸೊ ಪ್ರಾಂತ ರೋಮಿಗೆ ನೇರ ಪೂರ್ವದಲ್ಲಿದೆ. ಮೋಟಾರಿನಲ್ಲಿ ಎರಡು ಗಂಟೆಯೊಳಗೆ ಅದರ ಮುಖ್ಯನಗರವಾದ ಲಾಕ್ವಿಲವನ್ನು ಸೇರಬಹುದು. ಇಷ್ಟು ಹತ್ತಿರವಿದ್ದೂ ಇಷ್ಟು ದೂರವಿರುವ ಸೀಮೆ ಇನ್ನೊಂದಿರಲಾರದು. ನಗರದ ಹಿಂದೆ ಗ್ರಾನ್ ಸಾಸ್ಸೊ, ಎಂದರೆ ‘ದೊಡ್ಡ ಬಂಡೆ’, ಎದ್ದು ನಿಂತಿದೆ. ಅದರ ಶಿಖರ 2912 ಮೀಟರು; ಅಪೆನೈನ್ ಶ್ರೇಣಿಯಲ್ಲೆಲ್ಲ ಅತ್ಯುನ್ನತವಾದುದು. ತಂಡಗಳು ಅಕ್ಟೋಬರಿನ ಉತ್ತರಾರ್ಧವನ್ನು ಆರಿಸಿಕೊಂಡರೆ ಅದಕ್ಕೆ ಕಾರಣವುಂಟು. ಆಗ ನವೆಲ್ಲಿಯ ಬಯಲಿನಲ್ಲಿ ಕೇಸರಿ ಅರಳುತ್ತದೆ.

ಕೇಸರಿಯ ಹೂವನ್ನು ನೋಡಬೇಕಾದವರು ಸೂರ್ಯನಿಗಿಂತ ಮೊದಲು ಏಳಬೇಕು. ನಸುಕಿನಲ್ಲಿ ಬಯಲಿನ ಮೇಲೆ ಇಬ್ಬನಿ ಕವಿದಿರುತ್ತದೆ; ಹೊಲದ ಸಾಲುಗಳಲ್ಲಿ ನೇರಿಳೆ ಬಣ್ಣದ ಮೊಗ್ಗುಗಳು ಇನ್ನೂ ಮುಚ್ಚಿಕೊಂಡೇ ಇರುತ್ತವೆ. ಬಿಸಿಲು ತಾಗಿ ದಳ ಬಿಚ್ಚಿತೆಂದರೆ ಒಳಗಿನ ಎಳೆಗಳ ಗುಣ ಕೆಡುತ್ತದೆ, ಕೈಕೆಲಸವೂ ತೊಡಕಾಗುತ್ತದೆ. ಆದುದರಿಂದ ಬುಟ್ಟಿ ಹಿಡಿದವರು ಸಾಲಿನುದ್ದಕ್ಕೂ ಸೊಂಟ ಬಗ್ಗಿಸಿ ಹೂವನ್ನು ಬುಡದಲ್ಲಿ ಚಿವುಟುತ್ತ ಸಾಗುತ್ತಾರೆ. ಪ್ರವಾಸಿಗಳೂ ಬಗ್ಗುತ್ತಾರೆ. ಹತ್ತು ನಿಮಿಷದಲ್ಲಿ ಅವರ ಸೊಂಟ ನೋಯುತ್ತದೆ, ಬೆರಳು ಮರಗಟ್ಟುತ್ತದೆ. ನೆಟ್ಟಗೆ ನಿಂತು ಪರ್ವತದ ಚೆಲುವನ್ನು ಕೊಂಡಾಡತೊಡಗುತ್ತಾರೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಮುದುಕಿ ತಲೆಯೆತ್ತದೆ ಮುಂದುವರಿಯುತ್ತಿರುತ್ತಾಳೆ.

ಬಿಡಿಸಿದ ಹೂವನ್ನು ಮನೆಗೆ ತಂದು ಮೇಜಿನ ಮೇಲೆ ರಾಶಿ ಹಾಕುತ್ತಾರೆ. ಮನೆಯವರೂ ನೆರೆಯವರೂ ಸುತ್ತ ಕುಳಿತು ಒಂದೊಂದು ಹೂವನ್ನೂ ಬಿಡಿಸಿ ಮೂರು ಕೆಂಪೆಳೆಗಳನ್ನು ಬೇರ್ಪಡಿಸುತ್ತಾರೆ. ಊರ ಸುದ್ದಿಯೆಲ್ಲ ಇತ್ಯರ್ಥವಾಗುವುದು ಈ ಮೇಜಿನ ಸುತ್ತಲೇ. ಎಳೆಗಳನ್ನು ಜರಡಿಯಲ್ಲಿ ಹರಡಿ, ಮರದ ಕೆಂಡದ ಮೇಲೆ ಒಂದಿಷ್ಟು ಎತ್ತರದಲ್ಲಿ ತೂಗಿಬಿಟ್ಟು ಒಣಗಿಸುತ್ತಾರೆ. ಆರು ಪಾಲು ತೂಕದಲ್ಲಿ ಐದು ಪಾಲು ಹಾರಿಹೋಗಿ ಒಂದು ಪಾಲು ಉಳಿಯುತ್ತದೆ. ಒಂದು ಕಿಲೋ ಕೇಸರಿಗೆ ಸುಮಾರು 2,00,000 ಹೂವು ಬೇಕು, ಸುಮಾರು 500 ಗಂಟೆಗಳ ದುಡಿಮೆ ಬೇಕು. ಬೇರೆ ದೇಶಗಳಲ್ಲಿ ಗೆಡ್ಡೆಗಳನ್ನು ಕೆಲವು ವರ್ಷ ಮಣ್ಣಿನಲ್ಲಿಯೇ ಬಿಡುವುದುಂಟು. ಇಲ್ಲಿಯವರು ಪ್ರತಿವರ್ಷವೂ ಆಗಸ್ಟಿನಲ್ಲಿ ಅಗೆದು, ಆರಿಸಿ, ಬೇರೆ ನೆಲದಲ್ಲಿ ಮತ್ತೆ ಊರುತ್ತಾರೆ.

ಈ ಗೆಡ್ಡೆಯನ್ನು ಹದಿಮೂರನೆಯ ಶತಮಾನದಲ್ಲಿ ಸ್ಪೇನಿನಿಂದ ಒಬ್ಬ ಸಂನ್ಯಾಸಿ ತಂದನೆಂದು ಊರವರು ಹೇಳುತ್ತಾರೆ. ಅನಂತರದ ಶತಮಾನಗಳಲ್ಲಿ ಜರ್ಮನಿಯ ವರ್ತಕರು ಲಾಕ್ವಿಲಕ್ಕೆ ಬಂದು ಇದನ್ನು ಕೊಂಡೊಯ್ದರು. ಮಿಲಾನಿನ ಹೆಸರಾಂತ ಹಳದಿ ಅನ್ನಕ್ಕೆ ಬಣ್ಣ ಕೊಡುವುದೂ ಕೇಸರಿಯೇ. ಸೋಜಿಗವೆಂದರೆ, ಬೆಳೆದವರ ಅಡುಗೆಮನೆಯಲ್ಲಿ ಮಾತ್ರ ಅದು ಬಹುಕಾಲ ಅಪರೂಪದ ವಸ್ತುವಾಗಿಯೇ ಉಳಿಯಿತು. ತಿನ್ನುವುದಕ್ಕಲ್ಲ, ಮಾರುವುದಕ್ಕೆ ಬೆಳೆದ ಬೆಳೆ ಅದು. ಹೆಣ್ಣುಮಕ್ಕಳ ಮದುವೆ, ಮನೆಯ ಸಾಲ, ದನದ ಖರೀದಿ ಎಲ್ಲಕ್ಕೂ ಅದೇ ಆಧಾರ. ಇಂದು ಪ್ರವಾಸಿಗೆ ಬಡಿಸುವ ಕೇಸರಿಯ ಪಾಸ್ತಾವನ್ನು ‘ಅಜ್ಜಿಯ ಕಾಲದ ಅಡುಗೆ’ ಎಂದು ಹೇಳಿದರೆ ನಂಬುವ ಮೊದಲು ಕೊಂಚ ಯೋಚಿಸಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನೂರಾರು ಹೆಕ್ಟೇರುಗಳಲ್ಲಿ ಇದ್ದ ಬೆಳೆ ಕೆಲವೇ ಹೆಕ್ಟೇರುಗಳಿಗೆ ಇಳಿಯಿತು. 1971ರಲ್ಲಿ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಳ್ಳದಿದ್ದರೆ ಅಷ್ಟೂ ಉಳಿಯುತ್ತಿತ್ತೆಂದು ಹೇಳುವಂತಿಲ್ಲ.

ಬೆಳೆ ಕುಗ್ಗಿದುದಕ್ಕೆ ಕಾರಣವನ್ನು ಮಣ್ಣಿನಲ್ಲಿ ಹುಡುಕಬೇಕಾಗಿಲ್ಲ. ಬಗ್ಗುವ ಸೊಂಟಗಳೇ ಊರು ಬಿಟ್ಟುಹೋದವು. ಅಮೆರಿಕ, ಕೆನಡ, ಆಸ್ಟ್ರೇಲಿಯ, ಬೆಲ್ಜಿಯಂ ಎಂದು ಅಬ್ರುತ್ಸೊದ ತರುಣರು ದೇಶಾಂತರ ಹೊರಟರು. 1956ರ ಆಗಸ್ಟ್ 8ರಂದು ಬೆಲ್ಜಿಯಮ್ಮಿನ ಮಾರ್ಸಿನೆಲ್ ಕಲ್ಲಿದ್ದಲ ಗಣಿಯಲ್ಲಿ ಬೆಂಕಿ ಹತ್ತಿ 262 ಮಂದಿ ಸತ್ತಾಗ, ಅವರಲ್ಲಿ 136 ಮಂದಿ ಇಟಲಿಯವರು. ಅವರಲ್ಲಿಯೂ ಅನೇಕರು ಈ ಪರ್ವತಗಳ ಮಕ್ಕಳು. ಮಾನೊಪ್ಪೆಲ್ಲೊ ಎಂಬ ಒಂದೇ ಊರಿಗೆ ಅಂದು ಇಪ್ಪತ್ತಕ್ಕೂ ಹೆಚ್ಚು ಸಾವಿನ ಸುದ್ದಿ ಬಂದಿತು. ಬಯಲಿನ ಬೆಳಕಿನಲ್ಲಿ ಹೂ ಕೀಳಬಲ್ಲ ಕೈಗಳು ನೆಲದಡಿಯ ಕತ್ತಲೆಗೆ ಏಕೆ ಇಳಿದವೆಂಬುದನ್ನು ಯೋಚಿಸದೆ ಇಲ್ಲಿಯ ಚೆಲುವನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ನವೆಲ್ಲಿಯಿಂದ ರಸ್ತೆ ಏರುತ್ತ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊಗೆ ಹೋಗುತ್ತದೆ. 1250 ಮೀಟರು ಎತ್ತರದಲ್ಲಿ, ಸುಣ್ಣಕಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ಕೋಟೆಯಂತೆ ಕಾಣುವ ಹಳ್ಳಿ. ಊರಬಾಗಿಲ ಮೇಲೆ ಫ್ಲಾರೆನ್ಸಿನ ಮೆದಿಚಿ ಮನೆತನದ ಲಾಂಛನವಿದೆ! ಅಷ್ಟು ದೊಡ್ಡ ಧಣಿಗಳಿಗೆ ಈ ಕೊಂಪೆಯಲ್ಲಿ ಏನು ಕೆಲಸ? ಉಣ್ಣೆಯ ಕೆಲಸ. 1579ರಿಂದ ಈ ಊರು ಅವರ ವಶದಲ್ಲಿತ್ತು. ಇಲ್ಲಿಯ ಕುರಿಗಳ ಒರಟು ಕಪ್ಪು ಉಣ್ಣೆ ಸೈನಿಕರ ಸಮವಸ್ತ್ರಕ್ಕೂ ಸಂನ್ಯಾಸಿಗಳ ನಿಲುವಂಗಿಗೂ ಹೋಗುತ್ತಿತ್ತು. ಯುದ್ಧಕ್ಕೂ ವೈರಾಗ್ಯಕ್ಕೂ ಒಂದೇ ಬಟ್ಟೆ!

ಒಂದು ಕಾಲಕ್ಕೆ ಸಾವಿರಕ್ಕೂ ಮೇಲ್ಪಟ್ಟು ಜನರಿದ್ದ ಊರಿನಲ್ಲಿ ಈಗ ಸುಮಾರು ನೂರು ಮಂದಿ ಇದ್ದಾರೆ. ಬೀಗ ಹಾಕಿದ ಮನೆಗಳನ್ನು ಕೊಂಡು, ಹೊಸ ಗಾರೆ ಮೆತ್ತದೆ, ಹೊಗೆಹಿಡಿದ ಗೋಡೆಯನ್ನು ಹಾಗೆಯೇ ಉಳಿಸಿ, ಅತಿಥಿಗೃಹಗಳನ್ನಾಗಿ ಮಾಡಿದ್ದಾರೆ. ಒಂದು ಕೋಣೆ ಈ ಓಣಿಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ. ಊರೆಲ್ಲ ಸೇರಿ ಒಂದು ಹೋಟೆಲು. ‘ಚದುರಿದ ಹೋಟೆಲು’ ಎಂದೇ ಇದರ ಹೆಸರು. ಇಟಲಿಯ ಈಶಾನ್ಯದ ಫ್ರಿಯುಲಿಯಲ್ಲಿ 1976ರ ಭೂಕಂಪದ ತರುವಾಯ ಹುಟ್ಟಿದ ಕಲ್ಪನೆ ಇದು. ಇಲ್ಲಿಗೂ ಭೂಕಂಪ ಬಾರದೆ ಬಿಡಲಿಲ್ಲ. 2009ರ ಏಪ್ರಿಲ್ 6ರ ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ ಲಾಕ್ವಿಲ ನಡುಗಿತು. 309 ಜನ ಸತ್ತರು. ಸಾಂತೊ ಸ್ತೆಫಾನೊದ ನೆತ್ತಿಯ ಮೇಲಿದ್ದ ಪುರಾತನ ದುಂಡು ಗೋಪುರ ಕುಸಿದುಬಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಪ್ರವಾಸಿಗಳು ಊರನ್ನು ಉಳಿಸುತ್ತಿದ್ದಾರೆಯೆ, ಇಲ್ಲ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಿದ್ದಾರೆಯೆ? ಈ ಪ್ರಶ್ನೆ ಇಲ್ಲಿ ಏಳದೆ ಇರುವುದಿಲ್ಲ. ರೈತ ಮಲಗುತ್ತಿದ್ದ ಹುಲ್ಲುಹಾಸಿನ ಕೋಣೆಯಲ್ಲಿ ಮಲಗಲು ಈಗ ತೆರಬೇಕಾದ ಹಣವನ್ನು ಆ ರೈತ ಕಂಡೇ ಇರಲಿಕ್ಕಿಲ್ಲ. ಹೌದು. ಆದರೆ ಊರಿನ ಹೆಸರನ್ನು ಹೊತ್ತ ಆ ಪುಟ್ಟ ಕರಿಯ ಮಸೂರಕ್ಕೆ ಗಿರಾಕಿ ದೊರಕಿರುವುದೂ ಈ ಪ್ರವಾಸಿಗಳಿಂದಲೇ. ಸಾವಿರ ಮೀಟರಿಗೂ ಮೇಲಿನ ಬಡಕಲು ಹೊಲಗಳಲ್ಲಿ ಬೆಳೆಯುವ ಈ ಕಾಳು ಮೆಣಸಿಗಿಂತ ಸಣ್ಣದು, ನೆನೆಹಾಕುವ ಕೆಲಸವಿಲ್ಲ. ಬೆಳ್ಳುಳ್ಳಿ, ಒಂದು ಎಲೆ, ಆಲಿವ್ ಎಣ್ಣೆ, ಮೇಲೆ ಹುರಿದ ರೊಟ್ಟಿಯ ಚೂರು. ಮಿಕ್ಕ ಏನು ಹಾಕಿದರೂ ಅದು ಕೆಡುತ್ತದೆ.

ಅಲ್ಲಿಂದ ಮೇಲೆ ಕಾಂಪೊ ಇಂಪೆರಾತೋರೆ ಎಂಬ ಬೃಹತ್ ಹುಲ್ಲುಗಾವಲು. ಮರವಿಲ್ಲ, ಮನೆಯಿಲ್ಲ, ಗಾಳಿ, ಹುಲ್ಲು, ಆಕಾಶ. ಬೇಸಗೆಯಲ್ಲಿ ಇಲ್ಲಿ ಮೇಯುವ ಕುರಿಗಳನ್ನು ಹಿಂದೆ ಶರತ್ಕಾಲದಲ್ಲಿ ಪೂಲ್ಯದ ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಲಾಕ್ವಿಲದಿಂದ ಫೊಜ್ಜವರೆಗಿನ ಕುರಿದಾರಿ 244 ಕಿಲೋಮೀಟರು ಉದ್ದ, 111 ಮೀಟರು ಅಗಲ. ದಾರಿಯೆನ್ನುವುದಕ್ಕಿಂತ ಹುಲ್ಲಿನ ನದಿಯೆನ್ನಬೇಕು. 1447ರಲ್ಲಿ ಅರಗಾನಿನ ಅಲ್ಫಾನ್ಸೊ ದೊರೆ ಈ ಸಂಚಾರಕ್ಕೆ ಸುಂಕದ ವ್ಯವಸ್ಥೆ ಮಾಡಿದನು. ಅದು 1806ರವರೆಗೂ ನಡೆಯಿತು. ಪುರುಷರು ವರ್ಷದ ಅರ್ಧಭಾಗ ದೂರವಿರುತ್ತಿದ್ದರು. ಆ ಅವಧಿಯಲ್ಲಿ ಊರನ್ನು ನಡೆಸಿದವರು ಹೆಂಗಸರು. 2019ರಲ್ಲಿ ಯುನೆಸ್ಕೊ ಈ ವಲಸೆ ಕುರಿಗಾರಿಕೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕುರುಬನ ಮಗ ಕುರುಬನಾಗುವುದಿಲ್ಲ. ಇಂದು ಈ ಗುಡ್ಡಗಳಲ್ಲಿ ಕುರಿ ಕಾಯುವವರಲ್ಲಿ ಅನೇಕರು ಮ್ಯಾಸಿಡೋನಿಯ, ರುಮೇನಿಯ ದೇಶಗಳಿಂದ ಬಂದವರು. ತೋಳಕ್ಕೆ ಹೆದರದ ಬಿಳಿಯ ದೊಡ್ಡ ನಾಯಿಗಳು ಮಾತ್ರ ಇಲ್ಲಿಯವೇ.

ಕುರಿಹಾಲಿನ ಗಿಣ್ಣು, ಎಂದರೆ ಪೆಕೊರಿನೊ, ಇಲ್ಲಿ ಊರಿಗೊಂದು ಬಗೆ. ಫಾರಿಂದೊಲದಲ್ಲಿ ಅದನ್ನು ಮಾಡುವವರು ಹೆಂಗಸರೇ. ಹಾಲನ್ನು ಒಡೆಯಲು ಅವರು ಹಂದಿಯ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಇತರ ಕಡೆ ಕುರಿಮರಿಯದೊ ಕರುವಿನದೊ ಹೆಪ್ಪು. ಗಿಣ್ಣು ಹಾಲಿನದಲ್ಲವೆ ಎಂದು ನಿಶ್ಚಿಂತೆಯಿಂದ ತಿನ್ನುವ ಸಸ್ಯಾಹಾರಿಗಳು ಇದನ್ನು ಮೊದಲೇ ತಿಳಿದಿರುವುದು ಲೇಸು. ಅವರಿಗೂ ಇಲ್ಲಿ ಉಪವಾಸವೇನಿಲ್ಲ. ತೆರಮೊ ಸೀಮೆಯಲ್ಲಿ ಮೇ 1ರಂದು ಮಾಡುವ ‘ವಿರ್ತೂ’ ಎಂಬ ಹುಳಿಯಂಥ ಭಕ್ಷ್ಯದಲ್ಲಿ ಚಳಿಗಾಲದ ಡಬ್ಬಿಗಳ ತಳದಲ್ಲಿ ಉಳಿದ ಎಲ್ಲ ಕಾಳುಗಳೂ ವಸಂತದ ಎಳೆಯ ಸೊಪ್ಪುಗಳೂ ಸೇರುತ್ತವೆ. ಹಂದಿಯ ಮಾಂಸವೂ ಸೇರುತ್ತದೆನ್ನಿ. ಬೇಡವೆಂದು ಮುಂಚಿತವಾಗಿ ಹೇಳಬೇಕು.

ಪಾಸ್ತಾ ಮಾಡುವ ಅಡುಗೆಮನೆಯಲ್ಲಿ ತಂಡವೇಕೆ ಚಿಕ್ಕದಿರಬೇಕೆಂಬುದು ತಿಳಿಯುತ್ತದೆ. ಹನ್ನೆರಡನೆಯವನಿಗೆ ಅಲ್ಲಿ ನಿಲ್ಲಲು ಸ್ಥಳವಿಲ್ಲ! ಇಲ್ಲಿಯ ಶಾವಿಗೆಯನ್ನು ಒತ್ತುವುದಿಲ್ಲ, ನುಡಿಸುತ್ತಾರೆ. ಬೀಚ್ ಮರದ ಚೌಕಟ್ಟಿಗೆ ಉಕ್ಕಿನ ತಂತಿಗಳನ್ನು ಸಾಲಾಗಿ ಬಿಗಿದಿರುತ್ತದೆ. ಹೆಸರೇ ‘ಕಿತಾರ’, ಎಂದರೆ ಗಿಟಾರು. ಗೋದಿಹಿಟ್ಟನ್ನು ಮೊಟ್ಟೆಯೊಡನೆ ನಾದಿ ಹಾಳೆಯಂತೆ ಲಟ್ಟಿಸಿ, ತಂತಿಗಳ ಮೇಲೆ ಹಾಸಿ, ಲಟ್ಟಣಿಗೆಯನ್ನು ಒತ್ತಿ ಉರುಳಿಸಬೇಕು. ಅಂಟಿಕೊಂಡಿದ್ದರೆ ಬೆರಳಿನಿಂದ ತಂತಿ ಮೀಟಿದರಾಯಿತು, ಚೌಕನೆಯ ಎಳೆಗಳು ಕೆಳಗೆ ಉದುರುತ್ತವೆ. ಕಲಿಸುವಾಕೆ ಅಳತೆ ಹೇಳುವುದಿಲ್ಲ. ಹಿಟ್ಟು ಎಷ್ಟು ಎಂದರೆ ‘ಹಿಡಿಸುವಷ್ಟು’ ಎನ್ನುವ ಉತ್ತರ ನಮ್ಮ ಮನೆಗಳಿಗೂ ಹೊಸದಲ್ಲ.

ಪರ್ವತದ ಆಚೆಯ ಮಗ್ಗುಲಲ್ಲಿ ಕಾಸ್ತೆಲ್ಲಿ ಇದೆ. ಸುತ್ತ ಜೇಡಿಮಣ್ಣು, ಬೀಚ್ ಮರದ ಸೌದೆ, ಹರಿಯುವ ನೀರು. ಕುಂಬಾರನಿಗೆ ಇನ್ನೇನು ಬೇಕು? ಗ್ರೂಯೆ ಮನೆತನದ ಕುಶಲಿಗಳು ಹದಿನೇಳನೆಯ ಶತಮಾನದಲ್ಲಿ ಇಲ್ಲಿಂದ ರಾಜರ ಮನೆಗಳಿಗೆ ತಟ್ಟೆಗಳನ್ನು ಕಳುಹಿಸಿದರು. ಒಮ್ಮೆ ಸುಟ್ಟ ಪಾತ್ರೆಯನ್ನು ತವರದ ಬಿಳಿ ಮೆರುಗಿನ ದ್ರವದಲ್ಲಿ ಅದ್ದಿ, ಅದು ಪುಡಿಪುಡಿಯಾಗಿ ಒಣಗಿರುವಾಗಲೇ ಕುಂಚ ಹಿಡಿಯಬೇಕು. ಬಣ್ಣ ತಾಗಿದ ಕೂಡಲೆ ಹೀರಿಹೋಗುತ್ತದೆ. ತಪ್ಪಿದ ಗೆರೆಯನ್ನು ಅಳಿಸುವಂತಿಲ್ಲ. ಹಳದಿ, ಕಿತ್ತಳೆ, ಹಸುರು, ನೀಲಿ, ಕಂದು — ಈ ಐದರಲ್ಲಿಯೇ ಬೆಟ್ಟ, ಹೊಳೆ, ದೇವತೆಗಳೆಲ್ಲ ಮೂಡಬೇಕು. ಊರಾಚೆಯ ಸಾನ್ ದೊನಾತೊ ಗುಡಿಯ ಮಾಳಿಗೆಯನ್ನು 1615ರಿಂದ 1617ರ ವೇಳೆಗೆ ಚಿತ್ರಿಸಿದ ನೂರಾರು ಹಂಚುಗಳಿಂದ ಮುಚ್ಚಿದ್ದಾರೆ. ಹಂಚಿಗೊಂದು ಹೂವು, ಮುಖ, ಮೊಲ, ಒಬ್ಬ ಸುಂದರಿಯ ಹೆಸರು. ಕತ್ತು ನೋಯುವವರೆಗೂ ನೋಡಬಹುದು. ಕೆಳಗೆ ಬೀದಿಯ ಅಂಗಡಿಗಳಲ್ಲಿ ಮಾತ್ರ ಆ ಪೂರ್ವಿಕರ ನೆರಳಿನಂಥ ತಟ್ಟೆಗಳೂ ಇವೆ. ಕೊಳ್ಳುವವನು ಕಣ್ಣು ತೆರೆದು ಕೊಳ್ಳಬೇಕು.

ಸುಲ್ಮೋನ ಕವಿ ಓವಿಡನ ಹುಟ್ಟೂರು. ಅಲ್ಲಿಯ ಬೀದಿಗಳಲ್ಲಿ ಕವಿಗಿಂತ ‘ಕಾನ್‌ಫೆತ್ತಿ’ಯದೇ ಮೆರೆದಾಟ. ನಮ್ಮ ಸಂಕ್ರಾಂತಿಯ ಕುಸುರೆಳ್ಳನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ: ಎಳ್ಳಿನ ಬದಲು ಬಾದಾಮಿ, ಅದಕ್ಕೆ ತಿರುಗುವ ಪಾತ್ರೆಯಲ್ಲಿ ಪದರ ಪದರವಾಗಿ ಸಕ್ಕರೆಯ ಪಾಕ. ಮದುವೆಗೆ ಬಂದವರಿಗೆ ಐದೈದು ಕಾಳು ಕೊಡುವುದು ಸಂಪ್ರದಾಯ.

ಕೊನೆಯ ನಿಲುಗಡೆ ಸ್ಕಾನ್ನೊ. ಫ್ರಾನ್ಸಿನ ಕಾರ್ತಿಯೆ-ಬ್ರೆಸ್ಸೊನ್ 1951ರಲ್ಲಿಯೂ ಇಟಲಿಯ ಜ್ಯಾಕೊಮೆಲ್ಲಿ 1957ರಲ್ಲಿಯೂ ಇಲ್ಲಿಯ ಕರಿಯುಡುಗೆಯ ಹೆಂಗಸರ ಛಾಯಾಚಿತ್ರಗಳನ್ನು ತೆಗೆದು ಲೋಕಪ್ರಸಿದ್ಧಗೊಳಿಸಿದರು. ಆ ಉಡುಗೆ ಈಗ ಹಬ್ಬದ ದಿನ ಕಂಡರೆ ಉಂಟು. ದಿಂಬಿನ ಮೇಲೆ ಸೂಜಿ ನೆಟ್ಟು, ಮರದ ಕಡ್ಡಿಗಳಿಗೆ ಸುತ್ತಿದ ದಾರಗಳನ್ನು ಅದಲುಬದಲು ಹಾಯಿಸಿ ಹೆಣೆಯುವ ಲೇಸಿನ ಕೆಲಸ ಉಳಿದಿದೆ. ಕಡ್ಡಿಗಳು ಒಂದಕ್ಕೊಂದು ತಾಗಿ ಟಕಟಕನೆ ಸದ್ದಾಗುತ್ತಿರುತ್ತದೆ. ಒಂದು ಅಂಗೈಯಗಲದ ಲೇಸಿಗೆ ಹಿಡಿಯುವ ದಿನಗಳನ್ನು ಕೇಳಿ ಪ್ರವಾಸಿ ಬೆರಗಾಗುತ್ತಾನೆ, ಬೆಲೆ ಕೇಳಿ ಹಿಂಜರಿಯುತ್ತಾನೆ. ಹೊಲದಲ್ಲಿ ಸೊಂಟ ನೋಯಿಸಿಕೊಂಡವರು ಮಾತ್ರ ಚೌಕಾಸಿ ಮಾಡದೆ ಕೊಳ್ಳುವುದುಂಟು.

ನವೆಂಬರಿನಲ್ಲಿ ಎತ್ತರದ ದಾರಿಗಳ ಮೇಲೆ ಹಿಮ ಬೀಳುತ್ತದೆ. ಪ್ರವಾಸಿಗಳ ಮೋಟಾರುಗಳು ವಸಂತದವರೆಗೆ ಈ ಕಡೆ ಸುಳಿಯುವುದು ಅಪರೂಪ. ಹೂ ಮುಗಿದ ಕೇಸರಿಯ ಸಾಲುಗಳಲ್ಲಿ ಹುಲ್ಲಿನಂಥ ಎಲೆಗಳು ಚಳಿಗಾಲವೆಲ್ಲ ಹಸುರಾಗಿ ನಿಂತು, ಮೇ ತಿಂಗಳ ಹೊತ್ತಿಗೆ ಒಣಗುತ್ತವೆ. ಆಗಸ್ಟಿನಲ್ಲಿ ಗೆಡ್ಡೆ ಅಗೆಯಬೇಕು. ಅದಕ್ಕೆ ನೆರವಾಗಲು ರೋಮಿನಿಂದಲೊ ಮಿಲಾನಿನಿಂದಲೊ ರಜೆಗೆ ಊರಿಗೆ ಬರುವ ಮೊಮ್ಮಕ್ಕಳನ್ನು ಮುದುಕಿಯರು ಈಗಲೇ ಲೆಕ್ಕಹಾಕಿಕೊಂಡಿರುತ್ತಾರೆ.