ರಾತ್ರಿ ನಿಲ್ಲಂಗಿಲ್ಲ

ಕೆಮ್ಮಣ್ಣುಗುಂಡಿಯಲ್ಲಿ ಕೋಣೆ ಸಿಕ್ಕದವರು ಕತ್ತಲಾಗುವುದರೊಳಗೆ ಘಟ್ಟ ಇಳಿಯಬೇಕು. ಎಪ್ಪತ್ತರ ದಶಕದಲ್ಲೂ ಹಾಗೇ ಇತ್ತು, ಈಗಲೂ ಹೆಚ್ಚುಕಡಿಮೆ ಹಾಗೇ. ಬದಲಾದದ್ದು ಇಳಿಯುವ ಗಾಡಿಗಳು.

ಆಗ ಚಳಿಗಾಲ ಬಂತೆಂದರೆ ಘಟ್ಟದ ಕೆಳಗಿನ ನಮ್ಮ ಲಿಂಗದಹಳ್ಳಿ ದಾಟಿ ಟೂರ್ ಬಸ್ಸುಗಳು ಹೋಗುತ್ತಿದ್ದವು. ಶಾಲೆ ಮಕ್ಕಳ ಪ್ರವಾಸದ ಬಸ್ಸಿನ ಮಾತಲ್ಲ, ಅಡುಗೆಭಟ್ಟರನ್ನೂ ಹತ್ತಿಸಿಕೊಂಡು ವಾರಗಟ್ಟಲೆ ಸುತ್ತುವ ಬಸ್ಸುಗಳ ಮಾತು. ಗುಜರಾತಿನವರು, ರಾಜಸ್ಥಾನದವರು, ನಮ್ಮ ಬಿಜಾಪುರ ಕಡೆಯವರು. ಟಾಪಿನ ಮೇಲೆ ಕೊಳಗ, ಹಂಡೆ, ಸೌದೆ. ಹಿಂದಿನ ಸೀಟಿನ ಜಾಗದಲ್ಲಿ ಅಕ್ಕಿ ಮೂಟೆ. ಕಲ್ಲತ್ತಿಗಿರಿಯಲ್ಲಿ ಬಂಡೆಯಿಂದ ನೀರು ಇಳಿಯುವ ಕಡೆ, ವೀರಭದ್ರನ ಗುಡಿಯಿಂದ ಸ್ವಲ್ಪ ದೂರದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು. ಪ್ರತಿ ಬಸ್ಸಿಗೂ ಒಬ್ಬ ಯಜಮಾನ, ಅವನ ಕಂಕುಳಲ್ಲೊಂದು ಲೆಕ್ಕದ ಪುಸ್ತಕ. ಹಾಲಿಗೆ ಬಂದರೂ ಅವನೇ, ಜಗಳಕ್ಕೆ ಬಂದರೂ ಅವನೇ. ಅನ್ನ ಚೆಲ್ಲಿ ಎಲೆ ಬಿಸಾಕಿ ಹೋಗುತ್ತಿದ್ದರೆನ್ನುವುದೂ ನಿಜ. ಹಳೆಯ ಕಾಲದವರೆಲ್ಲ ಶಿಸ್ತಿನವರೆಂದು ಯಾರಾದರೂ ಹೇಳಿದರೆ, ಅವರು ಆ ಹಳ್ಳದ ದಡ ನೋಡಿಲ್ಲ.

ನಮ್ಮವರ ಗಾಲಿ ಮೇಲಿನ ಮನೆ ಮಾತ್ರ ಎತ್ತಿನ ಗಾಡಿ. ಅಜ್ಜಂಪುರದ ಹತ್ತಿರ ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಪಾನಕದ ಗಾಡಿ ಕಟ್ಟುತ್ತಿದ್ದರು. ಬಿದಿರಿನ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲು ಹಾಸಿ ಜಮಖಾನ. ಅಚ್ಚಿನ ಕೆಳಗೆ ಲಾಟೀನು, ಪಕ್ಕದಲ್ಲಿ ಕೀಲೆಣ್ಣೆಯ ಬಿದಿರು ಗೊಟ್ಟ ತೂಗುತ್ತಿತ್ತು. ಆ ಗೊಟ್ಟದಲ್ಲಿ ಕೋಳಿ ಪುಕ್ಕ ಅದ್ದಿ ಅಚ್ಚಿಗೆ ಸವರುವ ಕೆಲಸ ಹುಡುಗರದು. ಅಂಗಿಗೆ ಬಿದ್ದ ಕಲೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಒಂದೂರಿನ ಗಾಡಿಗಳು ಒಟ್ಟಿಗೇ ಹೊರಡಬೇಕು, ಒಟ್ಟಿಗೇ ಬಿಡಾರ ಬಿಡಬೇಕು. ಬಿಡಾರದಲ್ಲಿ ಎತ್ತಿನ ಹಲ್ಲು, ಸುಳಿ, ಅಮೃತಮಹಲ್ ತಳಿ, ಬೆಲೆ, ಇವೇ ಮಾತು. ಅಜ್ಜಂಪುರದಲ್ಲಿ ಅಮೃತಮಹಲ್ ಸಂವರ್ಧನಾ ಕೇಂದ್ರವೇ ಇರುವಾಗ ಬೇರೇನು ಮಾತಾಡಿಯಾರು. ದೇವಿಗೆ ಹರಕೆ ಎಂದು ಹೊರಟವರನ್ನು ಆ ದಿನಗಳಲ್ಲಿ ಹಿಡಿದಿಟ್ಟದ್ದು ಎತ್ತಿನ ಮೋಹ. ಪಾನಕದ ಗಾಡಿಗಳು ಈಗಲೂ ಹೋಗುತ್ತವೆ. ಓಡಿಸುವ ಹುಚ್ಚಿನಲ್ಲಿ ಗಾಡಿ ಮಗುಚಿ ಕೈಕಾಲು ಮುರಿದುಕೊಳ್ಳುವವರೂ ಇದ್ದಾರೆ.

ಇವರೆಲ್ಲ ಮನೆಗೆ ವಾಪಸ್ಸು ಹೋಗುವವರು. ಮನೆಯೇ ಇಲ್ಲದೆ ವರ್ಷವಿಡೀ ದಾರಿಯಲ್ಲಿದ್ದವರು ಬೇರೆ. ಲಂಬಾಣಿಗರು ಒಂದು ಕಾಲಕ್ಕೆ ಸಾವಿರಾರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ದೇಶ ದಾಟುತ್ತಿದ್ದರು. ರೈಲು, ರಸ್ತೆ ಬಂದು ಆ ಕಸುಬು ಹೋಯಿತು. ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ನಮ್ಮ ಜಗಲಿಯಲ್ಲಿ ಕೂತು, ಮುತ್ತಜ್ಜನ ಅಪ್ಪ ಯಾವ ಊರಿಂದ ಬಂದ, ಯಾರ ಮಗಳನ್ನು ತಂದ ಎಂದು ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಕಟ್ಟಿಸಿಕೊಂಡು ಹೋಗುವರು. ಊರೂರಿನ ವಂಶಾವಳಿ ಅವರ ಬಳಿ ಭದ್ರವಾಗಿತ್ತು, ಅವರ ವಿಳಾಸವೊಂದು ಮಾತ್ರ ಯಾವ ಕಚೇರಿಯಲ್ಲೂ ಇರಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಯುವ ಎಷ್ಟೋ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿತು. ಕಾಯ್ದೆ 1952ರಲ್ಲಿ ಹೋಯಿತು, ಸಂಶಯ ಹೋಗಲಿಲ್ಲ. ಊರ ಹೊರಗೆ ಗುಡಾರ ಕಂಡರೆ ಕೋಳಿ ಎಣಿಸುತ್ತಿದ್ದ ಊರಿನಲ್ಲೇ ನಾನೂ ಬೆಳೆದದ್ದು.

ಈಗ ಬರುವುದು ಒಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿದ ಟೆಂಪೋ ಟ್ರಾವೆಲರ್‌ಗಳು, ಟಾಪಿಗೆ ಟೆಂಟು ಕಟ್ಟಿದ ಜೀಪುಗಳು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಕೆಲಸ ಬಿಟ್ಟ ದಂಪತಿ, ನಿವೃತ್ತರು. ಎಲ್ಲರೂ ಯಾವುದೋ ವಾಟ್ಸ್ಯಾಪ್ ಗುಂಪಿನವರು: ಹಕ್ಕಿ ನೋಡುವವರು, ನಕ್ಷತ್ರದ ಫೋಟೋ ಹಿಡಿಯುವವರು, ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟಿನ ಸೂರ್ಯೋದಯಕ್ಕೆ ಸಾಯುವವರು, ನಾಯಿ ಸಾಕಿದವರು. ಇವರನ್ನು ಕಂಡರೆ ಊರಿನವರು ಕೋಳಿ ಎಣಿಸುವುದಿಲ್ಲ, ಸೆಲ್ಫಿ ಕೇಳುತ್ತಾರೆ. ಗಾಲಿಯ ಮೇಲೆ ಬದುಕುವುದು ಒಂದೇ ಆದರೂ ಗಾಲಿಯ ಬೆಲೆ ನೋಡಿ ಮರ್ಯಾದೆ.

ಇಂಥ ಗುಂಪುಗಳು ದೊಡ್ಡದಾಗಿ ಬೆಳೆದರೆ ಹೇಗಿರುತ್ತವೆಂದು ನಾನು ನೋಡಿದ್ದು ಅರಿಜೋನಾದಲ್ಲಿ. ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋದಾಗ ಅಳಿಯ ಸುಮಾರು 200 ಕಿ.ಮೀ. ಪಶ್ಚಿಮದ ಕ್ವಾರ್ಟ್ಜ್‌ಸೈಟ್‌ಗೆ ಕರೆದೊಯ್ದ. ಬೇಸಿಗೆಯಲ್ಲಿ ಪುಟ್ಟ ಊರು, ಜನವರಿಯಲ್ಲಿ ಮರುಭೂಮಿ ತುಂಬ ಮನೆಗಾಡಿಗಳು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಸರ್ಕಾರಿ ಜಮೀನಿನಲ್ಲಿ ಬಿಡಾರ ಬಿಡಲು ನಾನು ಹೋದಾಗ 180 ಡಾಲರಿನ ಪರವಾನಗಿ ಬೇಕಿತ್ತು. ಲಾ ಪೊಸಾ ಎಂಬಲ್ಲಿ ಕುಡಿಯುವ ನೀರು, ಕೊಳಚೆ ಟ್ಯಾಂಕು ಖಾಲಿ ಮಾಡುವ ವ್ಯವಸ್ಥೆ. ದಾರಿಯ ಗೂಟಗಳಿಗೆ ಊಟದ ಪೇಪರ್ ತಟ್ಟೆ ಹೊಡೆದು, ಅದರ ಮೇಲೆ ಗುಂಪಿನ ಹೆಸರು, ಬಾಣದ ಗುರುತು. ಹ್ಯಾಮ್ ರೇಡಿಯೋದವರು ಒಂದು ಕಡೆ, ಕೌದಿ ಹೊಲಿಯುವವರು ಇನ್ನೊಂದು ಕಡೆ, ಕಲ್ಲು ಆಯುವವರು ಮತ್ತೊಂದು ಕಡೆ. ಕಲ್ಲಿನವರ ಹತ್ತಿರ ನಾನು ಕೂತೆ. ಒಬ್ಬ ಮುದುಕ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಒಂದೊಂದೇ ಕಲ್ಲಿಗೆ ತಾಗಿಸಿ ನೋಡುತ್ತಿದ್ದ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದ ಮೇಲೆ ನಮ್ಮ ಗುಡ್ಡದ ಅದಿರು ತಂತಿಗೆ ನೇತುಬಿದ್ದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿದ್ದ ಕಥೆ ಹೇಳಿದೆ. ಬಾಬಾಬುಡನ್ ಗಿರಿಯ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು ಎಂದೆ. ಅವನಿಗೆ ಕಥೆ ಬೇಡವಾಗಿತ್ತು, "ಒಂದು ತುಂಡು ತರಬಾರದಿತ್ತೇ" ಎಂದ.

ಹವ್ಯಾಸ ಮೇಲಿನ ಮಾತು, ತಳದಲ್ಲಿರುವುದು ಬೇರೆ ಎಂದು ಅವನಿಂದಲೇ ತಿಳಿಯಿತು. ಅವನು ಎಸ್ಕೇಪೀಸ್ ಎಂಬ ಸಂಘದ ಸದಸ್ಯ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ ಕಟ್ಟಿದ ಸಂಘ, ಕೇಂದ್ರ ಟೆಕ್ಸಾಸಿನ ಲಿವಿಂಗ್‌ಸ್ಟನ್. ಅದರೊಳಗೆ ಒಂದೊಂದು ಆಸಕ್ತಿಗೂ ಒಂದೊಂದು ಗುಂಪು. ಆದರೆ ಜನ ಸೇರುವುದಕ್ಕೆ ದೊಡ್ಡ ಕಾರಣ ಅಂಚೆ. ಮನೆ ಮಾರಿದವನಿಗೆ ಸಂಘವೇ ವಿಳಾಸ. ಬಂದ ಪತ್ರಗಳನ್ನು ಅವನಿದ್ದಲ್ಲಿಗೆ ಕಳಿಸುತ್ತದೆ. ಲೈಸೆನ್ಸು, ತೆರಿಗೆ, ವೋಟು ಎಲ್ಲಕ್ಕೂ ಆ ವಿಳಾಸ. ಗಾಡಿ ಓಡಿಸಲಾಗದಷ್ಟು ವಯಸ್ಸಾದರೆ ತಮ್ಮ ಗಾಡಿಯಲ್ಲೇ ಇದ್ದು ಊಟ, ಆರೈಕೆ ಪಡೆಯುವ ಕೇಂದ್ರವನ್ನೂ ಲಿವಿಂಗ್‌ಸ್ಟನ್ನಿನಲ್ಲಿ ಕಟ್ಟಿದ್ದಾರೆ. ಕ್ವಾರ್ಟ್ಜ್‌ಸೈಟ್‌ನಲ್ಲಿದ್ದವರೆಲ್ಲ ಮೋಜಿಗೆ ಬಂದವರೂ ಅಲ್ಲ. ಬಾಡಿಗೆ ಕಟ್ಟಲಾಗದೆ ವ್ಯಾನಿಗೆ ಬಂದ ಮುದುಕಿಯರೂ ಇದ್ದರು. 2021ರಲ್ಲಿ ಆಸ್ಕರ್ ಗೆದ್ದ 'ನೊಮ್ಯಾಡ್‌ಲ್ಯಾಂಡ್' ಅಂಥವರದೇ ಸಿನಿಮಾ.

ಇಲ್ಲಿ ಕೇಂದ್ರ ಸರ್ಕಾರ 2010ರಲ್ಲೇ ಕ್ಯಾರವಾನ್ ಪ್ರವಾಸಕ್ಕೂ ಅವು ನಿಲ್ಲುವ ಪಾರ್ಕುಗಳಿಗೂ ನೀತಿ ಬರೆಯಿತು. ಕೇರಳ 2021ರಲ್ಲಿ ತನ್ನದೇ ಯೋಜನೆ ತಂದಿತು. 2008ರಲ್ಲಿ ವರದಿ ಕೊಟ್ಟ ಬಾಲಕೃಷ್ಣ ರೇಣಕೆ ಆಯೋಗ ಅಲೆಮಾರಿಗಳಿಗೆ ರೇಷನ್ ಕಾರ್ಡಿಲ್ಲ, ಜಾತಿ ಪ್ರಮಾಣಪತ್ರವಿಲ್ಲ, ನೆಲೆಯಿಲ್ಲ ಎಂದಿತು. ಕ್ಯಾರವಾನಿನ ಕಡತ, ಅಲೆಮಾರಿಗಳ ಕಡತ ಎರಡೂ ಕೇಳುವುದು ನಿಲ್ಲುವ ಜಾಗ, ನೀರು, ವಿಳಾಸ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರು ಇದ್ದಾರೆಂದು ನನಗನ್ನಿಸುವುದಿಲ್ಲ.

ಕಳೆದ ಚಳಿಗಾಲ ಮೇಲಿನಿಂದ ಇಳಿಯುವಾಗ ಗೇಟಿನ ಹತ್ತಿರ ಮೂರ್ನಾಲ್ಕು ವ್ಯಾನು ನಿಂತಿದ್ದವು, ನಕ್ಷತ್ರದ ಗುಂಪಿನವು. ರಾತ್ರಿ ಒಂದು ಮೂಲೆಯಲ್ಲಿ ಇರುತ್ತೇವೆ ಎಂದು ಹುಡುಗರು, ಆಗಲ್ಲ ಎಂದು ಗೇಟಿನವನು. ಸುತ್ತ ಭದ್ರಾ ಹುಲಿ ಮೀಸಲು. ಅವನ ಹೆದರಿಕೆ ಸುಳ್ಳಲ್ಲ. ಕಡೆಗೆ ಹುಡುಗರು ಲಿಂಗದಹಳ್ಳಿಗೆ ಇಳಿದು ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಮಲಗಿದರು. ಬಂಕಿನ ದೀಪದಡಿ ಯಾವ ನಕ್ಷತ್ರ ಕಂಡಿತೋ. ಬೆಳಿಗ್ಗೆ ಒಬ್ಬ ನಮ್ಮ ಮನೆಗೆ ಬಂದು, "ಅಂಕಲ್, ಪಾತ್ರೆ ತೊಳೆದ ನೀರು ಎಲ್ಲಿ ಬಿಡೋದು?" ಎಂದ. ತೆಂಗಿನ ಬುಡ ತೋರಿಸಿದೆ. ಕಲ್ಲತ್ತಿಗಿರಿಯ ಹಳ್ಳಕ್ಕೆ ಸುರಿಯದೆ ಕೇಳಿದನಲ್ಲ, ಅಷ್ಟರ ಮಟ್ಟಿಗೆ ನಮ್ಮ ಕಾಲದ ಬಸ್ಸಿನವರಿಗಿಂತ ವಾಸಿ.

ಆಮೇಲೆ ಗೇಟಿನವನು ಸಂತೆಯಲ್ಲಿ ಸಿಕ್ಕಾಗ ಕೇಳಿದೆ, ಒಂದು ರಾತ್ರಿಗೆ ಬಿಡಬಹುದಿತ್ತಲ್ಲಪ್ಪ ಎಂದು.

"ಏನ್ ಬಿಡೋದು ಸಾರ್? ನಾಳೆ ಹೆಚ್ಚುಕಮ್ಮಿ ಆದ್ರೆ ಯಾರ ಹೆಸ್ರು ಬರ್ಕೊಳ್ಲಿ? ನಿಮ್ಮಲ್ಲಿ ಯಜಮಾನ್ರು ಯಾರು ಅಂತ ಕೇಳ್ದೆ. ಅಡ್ಮಿನ್ ಬೆಂಗ್ಳೂರಲ್ಲೇ ಇದಾರೆ, ಅವ್ರು ಟ್ರಿಪ್ಪಿಗೆ ಬರಲ್ಲ ಅಂದ್ರು."