ಮಗ ಕೇಳುವ ಹಾಡು

ನಿಮ್ಮ ಮನೆಯಲ್ಲಿ ಪ್ರಾಯಕ್ಕೆ ಬಂದ ಮಕ್ಕಳಿದ್ದರೆ ನನ್ನ ಕಥೆ ನಿಮಗೆ ಬೇಗ ಅರ್ಥವಾಗುತ್ತದೆ. ಕೋಣೆಯ ಬಾಗಿಲು ಮುಚ್ಚಿರುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಊಟಕ್ಕೆ ಕರೆದರೆ ಮೂರನೇ ಕೂಗಿಗೆ "ಏನಮ್ಮಾ?" ಎಂಬ ಉತ್ತರ ಬರುತ್ತದೆ. ಆ ಕಿವಿಯೊಳಗೆ ಏನು ಹೋಗುತ್ತಿದೆ ಎಂದು ನಾವು ಕೇಳುವುದಿಲ್ಲ. ಕೇಳಿದರೂ ಅದು ಜಗಳದ ದನಿಯಲ್ಲಿರುತ್ತದೆ.

2025ರ ಬಕ್ರೀದ್‌ಗೆ ನನ್ನ ಮಗ ಬೆಂಗಳೂರಿನಿಂದ ತೆಲಸಂಗಕ್ಕೆ ಬಂದ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಅಥಣಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮನೆ ಮುಟ್ಟಿದಾಗ ಅವನ ಮೈಮೇಲೆ ಒಂದು ಕರಿ ಅಂಗಿ. ಎದೆಯ ಮೇಲೆ ತಲೆಬುರುಡೆಯ ಚಿತ್ರ. ಪಕ್ಕದ ಮನೆಯ ಖಾಲಾ ನನ್ನನ್ನು ಹಿತ್ತಲಿಗೆ ಕರೆದು, "ಹುಡುಗನಿಗೆ ಯಾರೋ ಏನೋ ಮಾಡಿಸಿದ್ದಾರೆ, ದಮ್ ಮಾಡಿದ ನೀರು ಕುಡಿಸು" ಎಂದರು. ನಾನು ನಕ್ಕು ಸುಮ್ಮನಾದೆ. ಆದರೆ ಒಳಗೆ ಭಯವಿತ್ತು. ಹಬ್ಬದ ಮರುದಿನ ಅವನ ಮೊಬೈಲಿನಿಂದ ಆ ಹಾಡು ಹೊರಗೆ ಕೇಳಿಸಿತು. ಗಿಟಾರಿನ ಕರಕರ, ಡ್ರಮ್ಮಿನ ಹೊಡೆತ, ಅದರ ನಡುವೆ ಒಬ್ಬ ಗಂಟಲು ಹರಿದುಕೊಂಡು ಕೂಗುತ್ತಿದ್ದ. "ಇದೇನು ಹಾಡೋ, ಹಾವಳಿಯೋ?" ಎಂದು ನಾನು ಗದರಿದೆ.

ಅವನು ಸಿಟ್ಟಾಗಲಿಲ್ಲ. "ಅಮ್ಮಾ, ಹತ್ತು ನಿಮಿಷ ಕೂತು ಕೇಳುತ್ತೀಯಾ? ಆಮೇಲೆ ಬೇಕಾದರೆ ಬೈಯ್ಯಿ" ಎಂದ. ಅದೇಕೋ ಆ ದಿನ ಕುಳಿತೆ. ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಅವನು ಮೆಚ್ಚಿದ ಆ ತಂಡದ ಹೆಸರು ಕ್ರಿಪ್ಟೋಸ್. ಗ್ರೀಕ್ ಭಾಷೆಯಲ್ಲಿ ಅದಕ್ಕೆ 'ಅಡಗಿದ್ದು' ಎಂದರ್ಥ. ಅದು ವಿದೇಶದ ತಂಡವೇ ಇರಬೇಕು ಎಂದುಕೊಂಡಿದ್ದೆ. ಅಲ್ಲ, ನಮ್ಮ ಬೆಂಗಳೂರಿನದೇ. 1998ರಲ್ಲಿ ಆರಂಭವಾಯಿತು. ಮೊದಲ ಆಲ್ಬಮ್ ಹೊರಬರಲು 2004ರ ತನಕ, ಅಂದರೆ ಆರು ವರ್ಷ ಕಾಯಬೇಕಾಯಿತು. ಇವರು ಹಾಡುವುದು ಇಂಗ್ಲಿಷಿನಲ್ಲಿ. ಸಿನಿಮಾ ಹಾಡಿಗಿರುವ ಮಾರುಕಟ್ಟೆ ಇಂಥ ಹಾಡಿಗೆ ನಮ್ಮ ದೇಶದಲ್ಲಿಲ್ಲ. ಆದರೂ ಬಿಡದೆ 2024ರ ತನಕ ಏಳು ಆಲ್ಬಮ್ ಮಾಡಿದ್ದಾರೆ. ತಂಡ ಕಟ್ಟಿದವರಲ್ಲಿ ಒಬ್ಬರಾದ ನೋಲನ್ ಲೂಯಿಸ್ ಇಂದಿಗೂ ಗಿಟಾರ್ ನುಡಿಸುತ್ತಾ ಹಾಡುತ್ತಾರೆ.

2013ರಲ್ಲಿ ಈ ತಂಡ ಜರ್ಮನಿಯ ವಾಕನ್ ಎಂಬಲ್ಲಿ ಹಾಡಿತು. ವಾಕನ್ ದೊಡ್ಡ ಪಟ್ಟಣವಲ್ಲ, ಸುಮಾರು ಎರಡು ಸಾವಿರ ಜನರ ಒಂದು ಹಳ್ಳಿ. ಹೊಲ, ಹುಲ್ಲು, ಹಸುಗಳ ಊರು. ಅಲ್ಲಿನ ಇಬ್ಬರು ಯುವಕರು 1990ರಲ್ಲಿ ಸಣ್ಣದಾಗಿ ಆರಂಭಿಸಿದ ಕಾರ್ಯಕ್ರಮ ಈಗ ಪ್ರತಿವರ್ಷ ಬೇಸಿಗೆಯಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸುತ್ತದೆ. ಮಳೆ ಬಂದರೆ ಹೊಲವೆಲ್ಲ ಕೆಸರು. ಕರಿ ಅಂಗಿಯವರು ಆ ಕೆಸರಿನಲ್ಲೇ ನಿಂತು ಹಾಡು ಕೇಳುತ್ತಾರಂತೆ. "ನಮ್ಮ ತೆಲಸಂಗದಷ್ಟೂ ಇಲ್ಲದ ಊರು ಅಮ್ಮಾ" ಎಂದ ಮಗ. ನನಗೆ ನಗು ಬಂತು.

"ಇವರು ಇದನ್ನೆಲ್ಲ ಯಾರಿಂದ ಕಲಿತರು?" ಎಂದು ಕೇಳಿದೆ. ಇಂಗ್ಲೆಂಡಿನ ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ಮುಂತಾದ ತಂಡಗಳನ್ನು ಕೇಳಿ ಕಲಿತರಂತೆ. ಎರಡು ಗಿಟಾರುಗಳು ಜೊತೆಜೊತೆಯಾಗಿ ಓಡುವ ರೀತಿ ಅಲ್ಲಿಂದ ಬಂದದ್ದು. ಐರನ್ ಮೇಡನ್‌ನವರು 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು ಹಾಡಿದ್ದರು. ಇವರೆಲ್ಲರಿಗಿಂತ ಮೊದಲಿನವರು ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್. 1968ರಲ್ಲಿ ಕೂಲಿಕಾರರ ಕೇರಿಯ ನಾಲ್ವರು ಹುಡುಗರು ಕಟ್ಟಿದ ತಂಡ. ಅದರ ಹೆಸರು ಒಂದು ಹೆದರಿಸುವ ಸಿನಿಮಾದಿಂದ ಬಂದದ್ದು. 1970ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಹೆವಿ ಮೆಟಲ್ ಎಂಬ ಈ ಗಡಸು ಸಂಗೀತ ಅಲ್ಲಿಂದ ಬೆಳೆಯಿತು ಎನ್ನುತ್ತಾರೆ.

ಇಲ್ಲಿಯವರೆಗೆ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಆಮೇಲೆ ಅವನು ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿಯ ಕಥೆ ಹೇಳಿದ.

ಆತನಿಗೆ ಆಗ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಅಂದು ಅಲ್ಲಿ ಕಡೆಯ ದಿನ, ಮರುದಿನದಿಂದ ಸಂಗೀತವೇ ವೃತ್ತಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದ. ತಾಯಿ ಒಪ್ಪಲಿಲ್ಲ. ಒಪ್ಪಿಕೊಂಡ ಕೆಲಸವನ್ನು ಸರಿಯಾಗಿ ಮುಗಿಸಿ ಬಾ ಎಂದು ಕಳಿಸಿದಳು. ಅಂದು ಅವನನ್ನು ರೂಢಿಯಿಲ್ಲದ ಯಂತ್ರದ ಮುಂದೆ ನಿಲ್ಲಿಸಿದರು. ಅದು ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿ ಹಾಕಿತು.

ಸಹೋದರಿಯರೇ, ನನ್ನ ಕೈಕಾಲು ತಣ್ಣಗಾದವು. ಹನ್ನೊಂದು ವರ್ಷದ ಹಿಂದೆ ನನ್ನ ಪತಿ ಹೊಳೆದಂಡೆಯ ಊರೊಂದರ ಬೆಲ್ಲದ ಗಾಣಕ್ಕೆ ದುಡಿಯಲು ಹೋಗುತ್ತಿದ್ದರು. ಒಂದು ದಿನ ಮೈ ಬಿಸಿಯಾಗಿತ್ತು. "ಇವತ್ತು ಬೇಡ" ಎಂದರು. "ಮುಂಗಡ ತೆಗೆದುಕೊಂಡಿದ್ದೇವೆ, ಹೋಗದಿದ್ದರೆ ಮುಖ ತೋರಿಸುವುದು ಹೇಗೆ?" ಎಂದು ಬುತ್ತಿ ಕಟ್ಟಿ ಕಳಿಸಿದವಳು ನಾನು. ಆ ಮಧ್ಯಾಹ್ನ ಕಬ್ಬಿನ ಜೊತೆಗೆ ಅವರ ಬಲಗೈ ಗಾಣದ ಬಾಯಿಗೆ ಸಿಕ್ಕಿತು. ಎರಡು ಬೆರಳು ಹೋದವು. ಅಂದಿನಿಂದ ಅವರು ಮದುವೆ ಮನೆಗಳಲ್ಲಿ ಎಲ್ಲರೊಂದಿಗೆ ಕುಳಿತು ಉಂಡದ್ದಿಲ್ಲ. ಹೆಗಲ ಮೇಲಿನ ಟವೆಲ್‌ನಿಂದ ಕೈ ಮುಚ್ಚಿಕೊಳ್ಳುತ್ತಿದ್ದರು. ನಾನು ಕಳಿಸಿದೆನೆಂಬ ಮಾತನ್ನು ಮಕ್ಕಳಿಗೆ ಯಾವತ್ತೂ ಹೇಳಿರಲಿಲ್ಲ.

ಮಗ ಮುಂದುವರಿಸಿದ. ಇನ್ನು ಗಿಟಾರ್ ಆಸೆ ಬಿಡು ಎಂದು ವೈದ್ಯರು ಹೇಳಿದರು. ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮಫೋನ್ ತಟ್ಟೆ ತಂದು ಕೇಳಿಸಿದ. ಅದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು. ಬೆಂಕಿಯಲ್ಲಿ ಎರಡು ಬೆರಳು ಸೆಟೆದುಹೋದರೂ ನುಡಿಸಿ ಹೆಸರು ಮಾಡಿದವನು. ಹುಡುಗ ಎದ್ದು ಕುಳಿತ. ಪ್ಲಾಸ್ಟಿಕ್ ಬಾಟಲಿ ಕರಗಿಸಿ, ದರ್ಜಿಗಳು ಬೆರಳಿಗೆ ಹಾಕುವಂಥ ಟೊಪ್ಪಿಗೆ ಮಾಡಿಕೊಂಡ. ಹಳೆಯ ಚರ್ಮದ ಜಾಕೀಟಿನ ಚೂರನ್ನು ಅದಕ್ಕೆ ಅಂಟಿಸಿದ. ತೆಳು ತಂತಿ ಕಟ್ಟಿದ. ಮುಂದೆ ಬೆರಳಿಗೆ ನೋವಾಗದಿರಲೆಂದು ತಂತಿಯನ್ನು ಸಡಿಲಿಸಿದ. ತಂತಿ ಸಡಿಲಾದರೆ ಸ್ವರ ಕೆಳಗಿಳಿದು ದಪ್ಪಗಾಗುತ್ತದೆ. ಆ ತೂಕದ ಸದ್ದನ್ನು ಆಮೇಲಿನವರೆಲ್ಲ ಹಿಂಬಾಲಿಸಿದರು. ನನ್ನ ಮಗನ ಮೊಬೈಲಿನಲ್ಲಿ ನಾನು ಹಾವಳಿ ಎಂದು ಕರೆದ ಸದ್ದಿನ ಬೇರು ಅಲ್ಲಿದೆ.

"ಆ ತಾಯಿ ಆಮೇಲೆ ಹೇಗೆ ಬದುಕಿದಳೋ?" ಎಂದು ಕೇಳಿದೆ. ಮಗ ನನ್ನ ಮುಖ ನೋಡಿದ. ಅಂದು ರಾತ್ರಿ ಅವನಿಗೂ ಅವನ ಅಬ್ಬಾನ ಎದುರಿನಲ್ಲೂ ಹನ್ನೊಂದು ವರ್ಷದ ಮಾತನ್ನು ಹೊರಗೆ ಹಾಕಿದೆ. ಇವರು ಬಹಳ ಹೊತ್ತು ಸುಮ್ಮನಿದ್ದರು. ನಂತರ, "ನೀನು ಕಳಿಸದಿದ್ದರೂ ನಾನು ಹೋಗುತ್ತಿದ್ದೆ. ಮುಂಗಡ ತೆಗೆದುಕೊಂಡವನು ನಾನಲ್ಲವೇ?" ಎಂದರು. ಅಷ್ಟೇ. ಮಗ ಮೊಬೈಲಿನಲ್ಲಿ ಅಯೋಮಿಯ ಕೈಯ ಚಿತ್ರ ತೋರಿಸಿದ. ಇವರು ತಮ್ಮ ಕೈಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರು.

2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ನಾಲ್ವರೂ ತಮ್ಮ ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಬಾರಿ ಒಟ್ಟಾಗಿ ಹಾಡಿದರು. ಅಯೋಮಿಗೆ ಆಗ 77 ವರ್ಷ. ಮಗ ಫೋನ್ ಮಾಡಿ ಹೇಳಿದಾಗ ಇವರು, "ಆ ಬೆರಳಲ್ಲಿ ಇನ್ನೂ ನುಡಿಸುತ್ತಾನಾ?" ಎಂದು ಕೇಳಿದರು. ಆ ತಂಡದ ಹಾಡುಗಾರ ಓಝಿ ಆಸ್ಬರ್ನ್ ಅದೇ ತಿಂಗಳು 22ರಂದು ತೀರಿಕೊಂಡರು. ಕುಡಿತ, ಮಾದಕ ವಸ್ತುಗಳಿಂದಾಗಿ ಅವರನ್ನು 1979ರಲ್ಲಿ ತಂಡದಿಂದಲೇ ಹೊರಹಾಕಿದ್ದರು. ಇದನ್ನೂ ಮಗನೇ ಹೇಳಿದ, ಮುಚ್ಚಿಡಲಿಲ್ಲ. ನಾನು ಕೇಳಲು ಕುಳಿತದ್ದರಿಂದ ಅವನು ಹೇಳಿದ ಎಂದು ನನಗನಿಸುತ್ತದೆ.

ಸಂಗೀತದ ಕುರಿತು ನಮ್ಮ ವಿದ್ವಾಂಸರಲ್ಲಿ ಬೇರೆಬೇರೆ ಅಭಿಪ್ರಾಯಗಳಿವೆ. ತೀರ್ಪು ಕೊಡುವಷ್ಟು ಜ್ಞಾನ ನನಗಿಲ್ಲ. ಆ ಹಾಡು ನನಗೆ ಇಂದಿಗೂ ಹಿಡಿಸಿಲ್ಲ. ತಲೆಬುರುಡೆಯ ಅಂಗಿ ನಮಾಝಿಗೆ ಬೇಡ ಎಂದು ಹೇಳಿದ್ದೇನೆ, ಅವನು ಒಪ್ಪಿದ್ದಾನೆ. ಆದರೆ ಮಗುವಿನ ಕಿವಿಯಲ್ಲಿ ಏನಿದೆ ಎಂದು ತಿಳಿಯದೆಯೇ ಬಾಗಿಲು ಬಡಿಯುತ್ತಿದ್ದೆನಲ್ಲ, ಅದು ತಪ್ಪಾಗಿತ್ತು.

ಕಳೆದ ತಿಂಗಳು ನನ್ನ ತಮ್ಮನ ಮಗಳ ಮದುವೆ. ಊಟದ ಹೊತ್ತಿಗೆ ಇವರು ಎಂದಿನಂತೆ ಹೊರಗೆ ನಿಂತಿರಬಹುದೆಂದು ನಾನು ತಟ್ಟೆ ಹಿಡಿದು ಹುಡುಕುತ್ತಾ ಹೋದೆ. ದಸ್ತರ್‌ಖಾನಿನ ನಡುವೆ ಕುಳಿತು, ಟವೆಲ್ ಪಕ್ಕಕ್ಕಿಟ್ಟು, ಬಲಗೈಯಿಂದ ಅನ್ನ ಕಲಸುತ್ತಿದ್ದರು. ಅದಕ್ಕೆ ಹಾಡೇ ಕಾರಣವೆಂದು ನಾನು ಹೇಳಲಾರೆ. ಹಿಡಿದಿದ್ದ ತಟ್ಟೆಯನ್ನು ಇನ್ನೊಬ್ಬರಿಗೆ ಕೊಟ್ಟು ಹೆಂಗಸರ ಕಡೆಗೆ ಬಂದು ಕುಳಿತೆ.

ಇಂದು ರಾತ್ರಿ ನಿಮ್ಮ ಮಗನೋ ಮಗಳೋ ಇಯರ್‌ಫೋನ್ ಹಾಕಿಕೊಂಡು ಕುಳಿತಿದ್ದರೆ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಒಂದು ಕಡೆಯ ಇಯರ್‌ಫೋನ್ ನಿಮ್ಮ ಕಿವಿಗೂ ಕೇಳಿ. ಹತ್ತು ನಿಮಿಷ ಸಾಕು. ಬೈಯುವುದಿದ್ದರೆ ಆಮೇಲೆ ಬೈಯಬಹುದು.